ಎಲ್‌ಎಲ್‌ಸಿ ಮಾಡಿಸಿದ್ದಾಯ್ತು, ಆಮೇಲೆ?

(ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ವ್ಯಾಪಾರ ನಡೆಸುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಕೆಲವು ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶನಿವಾರ ಮಧ್ಯಾಹ್ನ, ಅದೂ ಊಟ ಆದ ಮೇಲೆ, ಫಾರಂ ಮತ್ತು ಫೀಸಿನ ಬಗ್ಗೆ ಕೇಳೋಕೆ ಇಷ್ಟು ಜನ ಬಂದು ಕೂತಿದ್ದೀರಿ. ನಿಮ್ಮಲ್ಲಿ ಕೆಲವರಿಗಾದರೂ ಆಗಲೇ ಸರ್ಕಾರದಿಂದ ಯಾವುದೋ ಕಾಗದ ಬಂದಿರಬೇಕು! ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲನಲ್ಲ. ಲೆಕ್ಕ ಬರೆಯುವವನು, ರಿಟರ್ನ್ ಫೈಲ್ ಮಾಡುವವನು. ಕೋರ್ಟಿಗೆ ಹೋದಾಗ ಏನು ಮಾಡಬೇಕು ಅಂತ ಹೇಳೋಕೆ ವಕೀಲರಿದ್ದಾರೆ. ಅಲ್ಲಿ ತನಕ ಹೋಗದ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ.

ಎಲ್‌ಎಲ್‌ಸಿ, ಅಂದರೆ ಲಿಮಿಟೆಡ್ ಲಯಬಿಲಿಟಿ ಕಂಪನಿ, ವ್ಯಾಪಾರದ ಸಾಲ ಮಾಲೀಕರ ಸ್ವಂತ ಆಸ್ತಿಗೆ ತಟ್ಟದ ಹಾಗೆ ಇರುವ ಕಂಪನಿ. ಅದನ್ನು ಮಾಡಿಸೋದು ಬಹಳ ಸುಲಭ. ಕ್ಯಾಲಿಫೋರ್ನಿಯಾದಲ್ಲಿ ಬಿಜ್‌ಫೈಲ್ ಅನ್ನೋ ವೆಬ್‌ಸೈಟಿಗೆ ಹೋಗಿ, ಹೆಸರು ವಿಳಾಸ ತುಂಬಿ, 70 ಡಾಲರ್ ಕಟ್ಟಿದರೆ ಕಂಪನಿ ಸಿದ್ಧ. ಟೀ ಕುಡಿಯುತ್ತಾ ಮುಗಿಸಬಹುದು. ತೊಂದರೆ ಏನು ಗೊತ್ತಾ? ಅಷ್ಟು ಸುಲಭವಾಗಿ ಆದದ್ದು ಅಷ್ಟೇ ಸುಲಭವಾಗಿ ಮರೆತೂ ಹೋಗುತ್ತದೆ. ನೀವು ಮರೆತರೂ ರಾಜ್ಯ ಮರೆಯುವುದಿಲ್ಲ. ನೀವು ಒಂದು ಡಾಲರ್ ದುಡಿದಿರೋ ಇಲ್ಲವೋ ಅಂತ ಕೇಳುವುದೂ ಇಲ್ಲ.

ಇವತ್ತು ಒಂದು ಮಾತನ್ನು ನಾನು ಬೇರೆ ಬೇರೆ ರೀತಿಯಲ್ಲಿ ಹೇಳ್ತಾ ಹೋಗ್ತೀನಿ. ಕಂಪನಿಯನ್ನು ಯಾವ ರಾಜ್ಯದಲ್ಲಿ ಮಾಡಿಸಿದಿರಿ ಅನ್ನೋದಕ್ಕಿಂತ, ನೀವು ಯಾವ ರಾಜ್ಯದಲ್ಲಿ ಕೂತು ವ್ಯವಹಾರ ನಡೆಸುತ್ತೀರಿ ಅನ್ನೋದು ಮುಖ್ಯ. ಯೂಟ್ಯೂಬಿನಲ್ಲಿ ಇದಕ್ಕೆ ಉಲ್ಟಾ ಹೇಳುವವರು ತುಂಬಾ ಜನ ಇದ್ದಾರೆ.

ಸ್ವಲ್ಪ ಹಿಂದೆ ಹೋಗೋಣ. ಅಮೆರಿಕದಲ್ಲಿ ಮೊದಲು ಎಲ್‌ಎಲ್‌ಸಿ ಕಾನೂನು ಮಾಡಿದ್ದು ವ್ಯೋಮಿಂಗ್ ರಾಜ್ಯ, 1977ರಲ್ಲಿ. ಒಂದು ತೈಲ ಕಂಪನಿಗೆ ಬೇಕಾಗಿತ್ತು, ಮಾಡಿಕೊಟ್ಟರು. ಇದಕ್ಕೆ ತೆರಿಗೆ ಹೇಗೆ ಹಾಕೋದು ಅಂತ ಐಆರ್‌ಎಸ್, ಅಂದರೆ ಅಮೆರಿಕದ ಕೇಂದ್ರ ತೆರಿಗೆ ಇಲಾಖೆ, ಖಚಿತವಾಗಿ ಹೇಳಿದ್ದು 1988ರಲ್ಲಿ. ಪಾಲುದಾರಿಕೆಯ ಹಾಗೇ ನೋಡ್ತೀವಿ, ಕಂಪನಿಗೆ ಬೇರೆ ತೆರಿಗೆ ಇಲ್ಲ, ಲಾಭ ನೇರವಾಗಿ ಮಾಲೀಕರ ರಿಟರ್ನಿಗೆ ಹೋಗುತ್ತದೆ ಅಂದರು. ಅಲ್ಲಿಂದ ಎಲ್ಲ ರಾಜ್ಯಗಳೂ ಶುರುಮಾಡಿದವು. 1990ರ ದಶಕ ಅರ್ಧ ಮುಗಿಯುವ ಹೊತ್ತಿಗೆ ಎಲ್ಲ ಕಡೆ ಬಂದಿತ್ತು.

ಈ ಕಥೆ ಯಾಕೆ ಹೇಳಿದೆ ಅಂದರೆ, ಎಲ್‌ಎಲ್‌ಸಿ ಅನ್ನೋದು ಒಂದೊಂದು ರಾಜ್ಯದ ಕೂಸು. ನಮ್ಮೂರಲ್ಲಿ ಹಾಗಲ್ಲ. ಕಂಪನಿ ಕಾಯ್ದೆ, ಎಲ್‌ಎಲ್‌ಪಿ (ಹೊಣೆ ಸೀಮಿತವಾದ ಪಾಲುದಾರಿಕೆ) ಕಾಯ್ದೆ ಎರಡೂ ಕೇಂದ್ರದ್ದು. ಬೆಂಗಳೂರಲ್ಲಿ ಎಲ್‌ಎಲ್‌ಪಿ ಮಾಡಿಸಿದರೆ ಮೇ 30ಕ್ಕೆ ವಾರ್ಷಿಕ ವರದಿಯ ಫಾರಂ 11, ಅಕ್ಟೋಬರ್ 30ಕ್ಕೆ ಲೆಕ್ಕಪತ್ರದ ಫಾರಂ 8. ಚೆನ್ನೈಯಲ್ಲೂ ಅದೇ, ಪುಣೆಯಲ್ಲೂ ಅದೇ. ಇಲ್ಲಿ 50 ರಾಜ್ಯ, 50 ಕಾನೂನು, 50 ಕ್ಯಾಲೆಂಡರ್. ಜಿಎಸ್‌ಟಿ ನೋಂದಣಿ ರಾಜ್ಯ ರಾಜ್ಯಕ್ಕೂ ಬೇರೆ ಮಾಡಿಸಿದ ಅನುಭವ ಇದ್ದವರಿಗೆ ಇದು ಬೇಗ ಅರ್ಥ ಆಗುತ್ತೆ.

ಈಗ ನಮ್ಮ ಕ್ಯಾಲಿಫೋರ್ನಿಯಾಗೆ ಬರೋಣ. ಇಲ್ಲಿ ಎರಡು ಕಚೇರಿಗಳಿವೆ. ಒಂದು ಸೆಕ್ರೆಟರಿ ಆಫ್ ಸ್ಟೇಟ್. ಕಂಪನಿಯ ಹೆಸರು, ವಿಳಾಸ, ಮಾಲೀಕರು ಯಾರು ಅನ್ನೋ ದಾಖಲೆ ಅವರದು. ಇನ್ನೊಂದು ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್, ಎಫ್‌ಟಿಬಿ. ದುಡ್ಡು ಅವರದು. ಜನ ಸಾಮಾನ್ಯವಾಗಿ ಒಬ್ಬರಿಗೆ ಕಟ್ಟಿ, ಎಲ್ಲ ಮುಗೀತು ಅಂದುಕೊಳ್ಳುತ್ತಾರೆ.

ಎಫ್‌ಟಿಬಿಗೆ ಪ್ರತಿ ವರ್ಷ 800 ಡಾಲರ್. ಲಾಭ ಬಂದರೂ ಅಷ್ಟೇ, ನಷ್ಟ ಆದರೂ ಅಷ್ಟೇ, ವ್ಯಾಪಾರ ಶುರುವೇ ಆಗದಿದ್ದರೂ ಅಷ್ಟೇ. ಮೊದಲ ವರ್ಷ ಮಾಫಿ ಅಲ್ವಾ ಅಂತ ಕೇಳ್ತಾರೆ. ಆ ಮಾಫಿ ಇದ್ದದ್ದು 2021ರಿಂದ 2023ರ ಒಳಗೆ ಹುಟ್ಟಿದ ಕಂಪನಿಗಳಿಗೆ ಮಾತ್ರ. ಹಳೆಯ ವಿಡಿಯೋ ನೋಡಿ ಈಗಲೂ ಇದೆ ಅಂತ ನಂಬಿ ಕೂತವರು ಇದ್ದಾರೆ. ಈಗ ಇಲ್ಲ.

ಮೊದಲ ಕಂತು ಯಾವಾಗ? ಕಂಪನಿ ಹುಟ್ಟಿದ ತಿಂಗಳನ್ನೂ ಸೇರಿಸಿ ನಾಲ್ಕನೇ ತಿಂಗಳ 15ನೇ ತಾರೀಕು. ಜೂನ್ 18ಕ್ಕೆ ಮಾಡಿಸಿದರೆ ಸೆಪ್ಟೆಂಬರ್ 15. ಮುಂದಿನ ವರ್ಷದಿಂದ ಏಪ್ರಿಲ್ 15. ಇದರಲ್ಲಿ ಒಂದು ಗುಂಡಿ ಇದೆ, ಗಮನ ಇಡಿ. ದೀಪಾವಳಿ ರಜೆಯಲ್ಲಿ ಬಿಡುವಾಗಿ ಕೂತು ನವೆಂಬರಲ್ಲಿ ಕಂಪನಿ ಮಾಡಿಸಿದಿರಿ ಅಂದುಕೊಳ್ಳಿ. ಆ ವರ್ಷ ಉಳಿದಿರೋದು ಕೆಲವೇ ವಾರ. ಅದಕ್ಕೂ ಪೂರ್ತಿ 800, ಫೆಬ್ರವರಿ 15ಕ್ಕೆ. ಏಪ್ರಿಲ್ 15ಕ್ಕೆ ಹೊಸ ವರ್ಷದ 800. ಎರಡು ತಿಂಗಳಲ್ಲಿ 1,600 ಡಾಲರ್ ಹೋಯಿತು, ಬಿಲ್ ಒಂದೂ ಬರೆದಿಲ್ಲ. ಆತುರ ಇಲ್ಲದಿದ್ದರೆ ಜನವರಿಗೆ ತಳ್ಳಿ. ಫೈಲ್ ಮಾಡುವಾಗಲೇ ಮುಂದಿನ ತಾರೀಕು ಹಾಕುವ ಅವಕಾಶ ಇದೆ, 90 ದಿನಗಳ ತನಕ.

800ರ ಮೇಲೆ ಇನ್ನೊಂದು ಫೀ ಇದೆ. ಇದನ್ನು ಹೇಳಿದಾಗ ಮುಖ ಬಾಡದವರನ್ನು ನಾನು ನೋಡಿಲ್ಲ. ಕ್ಯಾಲಿಫೋರ್ನಿಯಾದಿಂದ ಬಂದ ಒಟ್ಟು ಆದಾಯ ಎರಡೂವರೆ ಲಕ್ಷ ಡಾಲರ್ ಮುಟ್ಟಿದರೆ 900 ಡಾಲರ್. 5 ಲಕ್ಷ ಮುಟ್ಟಿದರೆ 2,500. 10 ಲಕ್ಷ ಮುಟ್ಟಿದರೆ 6,000. 50 ಲಕ್ಷ ಮುಟ್ಟಿದರೆ 11,790. ಒಟ್ಟು ಆದಾಯ ಅಂದೆ ನೋಡಿ, ಲಾಭ ಅನ್ನಲಿಲ್ಲ. ಒಬ್ಬರು ಕೇಟರಿಂಗ್ ಮಾಡ್ತಾರೆ ಅಂದುಕೊಳ್ಳಿ. ವರ್ಷಕ್ಕೆ 2 ಲಕ್ಷ 60 ಸಾವಿರ ಡಾಲರ್ ವಹಿವಾಟು. ದಿನಸಿ, ಬಾಡಿಗೆ, ಕೆಲಸದವರ ಸಂಬಳ, ವ್ಯಾನಿನ ಪೆಟ್ರೋಲು ಎಲ್ಲ ಕಳೆದು ಕೈಗೆ ಉಳಿದದ್ದು 20 ಸಾವಿರ. ಆದರೂ 800 ಮತ್ತು 900, ಒಟ್ಟು 1,700 ಡಾಲರ್. ಮೇಲಾಗಿ ಈ ಫೀಯನ್ನು ವರ್ಷ ಮುಗಿಯುವ ಮುಂಚೆಯೇ ಅಂದಾಜು ಮಾಡಿ ಆರನೇ ತಿಂಗಳ 15ಕ್ಕೆ, ಅಂದರೆ ಜೂನ್ 15ಕ್ಕೆ, ಕಟ್ಟಬೇಕು. ನನ್ನನ್ನು ಕೇಳಿದರೆ ಇದು ನ್ಯಾಯ ಅಲ್ಲ. ಕಡಿಮೆ ಲಾಭದ, ಜಾಸ್ತಿ ವಹಿವಾಟಿನ ಅಂಗಡಿಯವರಿಗೆ ಇದು ನೇರ ಹೊಡೆತ. ಅದಕ್ಕೇ ಅಂಥವರಿಗೆ ಎಲ್‌ಎಲ್‌ಸಿ ಬೇಕಾ, ಕಾರ್ಪೊರೇಷನ್ ಸಾಕಾ ಅಂತ ಮೊದಲೇ ಲೆಕ್ಕ ಹಾಕಿ ನೋಡಿ ಅಂತೀನಿ.

ಇದೆಲ್ಲ ಸೇರಿದ ರಿಟರ್ನಿನ ಹೆಸರು ಫಾರಂ 568. ಮಾಲೀಕರು ಒಬ್ಬರೇ ಇದ್ದರೆ ಏಪ್ರಿಲ್ 15, ಇಬ್ಬರು ಅಥವಾ ಜಾಸ್ತಿ ಇದ್ದರೆ ಮಾರ್ಚ್ 15. ಒಬ್ಬರೇ ಮಾಲೀಕರಿರುವ ಎಲ್‌ಎಲ್‌ಸಿಗೆ ಐಆರ್‌ಎಸ್‌ನಲ್ಲಿ ಪ್ರತ್ಯೇಕ ರಿಟರ್ನ್ ಬೇಡ, ಮಾಲೀಕರ ಸ್ವಂತ ರಿಟರ್ನಿನ ಜೊತೆ ಇಡುವ ಶೆಡ್ಯೂಲ್ ಸಿ ಸಾಕು. ಅದೇ ಅಭ್ಯಾಸದಲ್ಲಿ ರಾಜ್ಯಕ್ಕೂ ಬೇಡ ಅಂದುಕೊಳ್ಳುತ್ತಾರೆ. ರಾಜ್ಯಕ್ಕೆ ಬೇಕು.

ಇನ್ನು ಸೆಕ್ರೆಟರಿ ಆಫ್ ಸ್ಟೇಟ್ ಕಡೆ. ಅವರಿಗೆ ಬೇಕಾಗಿರೋದು ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್. ಕಂಪನಿ ಹುಟ್ಟಿದ 90 ದಿನದಲ್ಲಿ ಮೊದಲ ಸಲ, ಆಮೇಲೆ ಎರಡು ವರ್ಷಕ್ಕೊಮ್ಮೆ. ಫೀಸು 20 ಡಾಲರ್. ಕೊಡದಿದ್ದರೆ ದಂಡ 250 ಡಾಲರ್. ತಪ್ಪು ಒಂದು ಕಚೇರಿಯಲ್ಲಿ, ದಂಡದ ಬಿಲ್ ಬರೋದು ಇನ್ನೊಂದು ಕಚೇರಿಯಿಂದ, ಎಫ್‌ಟಿಬಿಯಿಂದ. ‘ನಾನು ತೆರಿಗೆ ಕಟ್ಟಿದ್ದೀನಲ್ಲ, ಇದೇನು?’ ಅಂತ ಗಾಬರಿ ಆಗೋದು ಇಲ್ಲೇ.

ಆ ಫಾರಂ ಒಂದು ಸಲ ನಿಧಾನವಾಗಿ ಓದಿ. ಚಿಕ್ಕದೇ. ಕಂಪನಿಯ ಹೆಸರು, ರಾಜ್ಯ ಕೊಟ್ಟ ಸಂಖ್ಯೆ, ಮುಖ್ಯ ಕಚೇರಿಯ ಬೀದಿ ವಿಳಾಸ. ಇಲ್ಲಿ ಪೋಸ್ಟ್ ಬಾಕ್ಸ್ ನಡೆಯೋದಿಲ್ಲ. ಮ್ಯಾನೇಜರುಗಳ ಹೆಸರು, ಮ್ಯಾನೇಜರ್ ಇಲ್ಲದಿದ್ದರೆ ಎಲ್ಲ ಸದಸ್ಯರ ಹೆಸರು ಮತ್ತು ವಿಳಾಸ. ಏನು ವ್ಯಾಪಾರ. ಕೋರ್ಟ್ ಕಾಗದ ತಗೊಳ್ಳುವವರು ಯಾರು. ಕೊನೆಗೆ ಒಂದು ಪ್ರಶ್ನೆ: ಕೆಲಸದವರ ಸಂಬಳ ಕೊಡದ ಪ್ರಕರಣದಲ್ಲಿ ಯಾವ ಮ್ಯಾನೇಜರ್ ಅಥವಾ ಸದಸ್ಯರ ಮೇಲಾದರೂ ಅಂತಿಮ ತೀರ್ಪು ಬಾಕಿ ಇದೆಯೇ? 2022ರಿಂದ ಸೇರಿಸಿದ್ದು ಇದು. ಆಮೇಲೆ ಇನ್ನೊಂದು ವಿಷಯ. ಇದರಲ್ಲಿ ಬರೆದದ್ದೆಲ್ಲ ಸಾರ್ವಜನಿಕ ದಾಖಲೆ. ಮನೆ ವಿಳಾಸ ಕೊಟ್ಟರೆ ಯಾರು ಬೇಕಾದರೂ ಬಿಟ್ಟಿ ಹುಡುಕಿ ನೋಡಬಹುದು. ಮನೆಯಲ್ಲೇ ಸಂಗೀತ ಪಾಠ ಹೇಳುವ ಮೇಡಂ ಒಬ್ಬರು ಇದನ್ನು ಕೇಳಿ ಮಾರನೇ ದಿನವೇ ಬೇರೆ ವಿಳಾಸದ ವ್ಯವಸ್ಥೆ ಮಾಡಿಕೊಂಡರು. ಸರಿಯಾಗೇ ಮಾಡಿದರು.

ಈ ಎರಡು ಕಚೇರಿಗಳಲ್ಲಿ ಯಾವುದರ ಕೆಲಸ ಬಿಟ್ಟರೂ ಕಂಪನಿ ಸಸ್ಪೆಂಡ್ ಆಗಬಹುದು. ಸಸ್ಪೆಂಡ್ ಅಂದರೆ ಬರೀ ಹೆಸರಿನ ಮುಂದೆ ಕೆಂಪು ಗುರುತಲ್ಲ. ಕಂಪನಿ ಕೋರ್ಟಿಗೆ ಹೋಗೋ ಹಾಗಿಲ್ಲ. ಯಾರೋ ನಿಮ್ಮ ಮೇಲೆ ಕೇಸ್ ಹಾಕಿದರೆ ಕಂಪನಿಯ ಪರವಾಗಿ ನಿಂತು ವಾದಿಸುವ ಹಾಗೂ ಇಲ್ಲ. ತೆರಿಗೆ ಬಾಕಿಗಾಗಿ ಸಸ್ಪೆಂಡ್ ಆಗಿದ್ದಾಗ ಮಾಡಿಕೊಂಡ ಒಪ್ಪಂದವನ್ನು ಎದುರಿನವರು ರದ್ದು ಮಾಡಿಸಬಹುದು. ಹೆಸರನ್ನು ಬೇರೆಯವರು ತಗೊಂಡುಬಿಡಬಹುದು. ಮತ್ತೆ ಜೀವ ಬರಿಸೋಕೆ ಎಲ್ಲ ಹಳೆಯ ರಿಟರ್ನ್, ಬಾಕಿ, ದಂಡ, ಬಡ್ಡಿ ತೀರಿಸಿ ‘ರಿವೈವರ್’ ಅರ್ಜಿ ಹಾಕಬೇಕು. ನಮ್ಮ ಸ್ವಂತ ಆಸ್ತಿಗೆ ರಕ್ಷಣೆ ಬೇಕು ಅಂತ ತಾನೇ ಎಲ್‌ಎಲ್‌ಸಿ ಮಾಡಿಸಿದ್ದು? ಆ ರಕ್ಷಣೆ ಬೇಕಾಗೋದು ಯಾರಾದರೂ ಕೇಸ್ ಹಾಕಿದಾಗ. ಆವತ್ತೇ ಕಂಪನಿಗೆ ಬಾಯಿ ಇಲ್ಲದಿದ್ದರೆ ಏನು ಉಪಯೋಗ?

ಇಲ್ಲಿ ಒಬ್ಬರು ಎದ್ದು ಕೇಳಿದರು: ‘ಅದಕ್ಕೇ ಸರ್, ನಾನು ವ್ಯೋಮಿಂಗಲ್ಲಿ ಮಾಡಿಸಬೇಕು ಅಂತಿದ್ದೀನಿ. ವರ್ಷಕ್ಕೆ 60 ಡಾಲರ್ ಅಂತೆ. ಇನ್‌ಕಮ್ ಟ್ಯಾಕ್ಸೂ ಇಲ್ಲ. ಟೆಕ್ಸಾಸಲ್ಲಿ ಒಂದು ಬಾಡಿಗೆ ಮನೆ ಇದೆ, ಅದನ್ನ ಆ ವ್ಯೋಮಿಂಗ್ ಕಂಪನಿ ಹೆಸರಿಗೆ ಮಾಡ್ತೀನಿ. ಕ್ಯಾಲಿಫೋರ್ನಿಯಾಗೂ ಇದಕ್ಕೂ ಏನು ಸಂಬಂಧ?’

ಒಳ್ಳೆ ಪ್ರಶ್ನೆ. ಇದನ್ನು ಬಿಡಿಸಿಯೇ ನೋಡೋಣ, ಯಾಕೆಂದರೆ ಇಲ್ಲಿ ಇರುವವರಲ್ಲಿ ಆಸ್ಟಿನ್ನಲ್ಲೋ ಡಲ್ಲಾಸಲ್ಲೋ ಮನೆ ಕೊಂಡವರು ಒಬ್ಬಿಬ್ಬರಲ್ಲ.

ವ್ಯೋಮಿಂಗ್ ಲೆಕ್ಕ ಸರಿ. ಅಲ್ಲಿನ ವಾರ್ಷಿಕ ವರದಿಗೆ ಕನಿಷ್ಠ 60 ಡಾಲರ್, ಕಂಪನಿ ಹುಟ್ಟಿದ ತಿಂಗಳ ಮೊದಲ ದಿನಕ್ಕೆ. ಅಲ್ಲಿ ನಿಮಗೆ ಮನೆ ಇಲ್ಲ, ಹಾಗಾಗಿ ರಿಜಿಸ್ಟರ್ಡ್ ಏಜೆಂಟ್, ಅಂದರೆ ಕಂಪನಿಯ ಪರವಾಗಿ ಕೋರ್ಟ್ ಕಾಗದ ತಗೊಳ್ಳುವವರು, ಒಬ್ಬರನ್ನು ಇಟ್ಟುಕೊಳ್ಳಬೇಕು. ಅವರಿಗೆ ಪ್ರತಿ ವರ್ಷ ದುಡ್ಡು.

ಆದರೆ ಮನೆ ಇರೋದು ಟೆಕ್ಸಾಸಲ್ಲಿ. ಸುಮ್ನೆ ಜಾಗ ಇಟ್ಟುಕೊಂಡಿರೋದು ಮಾತ್ರ ಅಲ್ಲಿನ ಕಾನೂನಿನಲ್ಲಿ ವ್ಯವಹಾರ ಅಲ್ಲ. ಬಾಡಿಗೆಗೆ ಕೊಟ್ಟು, ರಿಪೇರಿ ಮಾಡಿಸಿ, ತಿಂಗಳು ತಿಂಗಳು ದುಡ್ಡು ತಗೊಳ್ಳೋದು ಬೇರೆ ಮಾತು. ಹೊರ ರಾಜ್ಯದ ಕಂಪನಿಯಾಗಿ ನೋಂದಣಿ ಮಾಡಿಸಿ ಅಂತಲೇ ವಕೀಲರು ಹೇಳುತ್ತಾರೆ. ಅದಕ್ಕೆ 750 ಡಾಲರ್. ಟೆಕ್ಸಾಸಲ್ಲೇ ಹೊಸ ಎಲ್‌ಎಲ್‌ಸಿ ಮಾಡಿಸಿದ್ದರೆ 300ಕ್ಕೆ ಆಗುತ್ತಿತ್ತು! ನೋಂದಣಿ ಮಾಡಿಸದಿದ್ದರೆ? ಬಾಡಿಗೆದಾರ ಮೂರು ತಿಂಗಳು ದುಡ್ಡು ಕೊಡಲಿಲ್ಲ, ಖಾಲಿ ಮಾಡಿಸಬೇಕು ಅಂತ ಕೋರ್ಟಿಗೆ ಹೋಗ್ತೀರಿ. ನೋಂದಣಿ ಇಲ್ಲದ ಕಂಪನಿಯ ದಾವೆ ಅಲ್ಲಿ ನಡೆಯೋದಿಲ್ಲ. ಮೊದಲು ನೋಂದಣಿ, ತಡವಾದ ವರ್ಷಗಳಿಗೆ ದಂಡದ ಫೀಸು, ಆಮೇಲೆ ದಾವೆ. ಅಷ್ಟು ದಿನ ಆತ ಮನೆಯಲ್ಲೇ ಇರ್ತಾನೆ.

ಟೆಕ್ಸಾಸಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ನಿಜ. ಆದರೆ ಅಲ್ಲಿ ವ್ಯವಹಾರ ಮಾಡುವ ಕಂಪನಿಗಳಿಗೆ ಫ್ರಾಂಚೈಸ್ ತೆರಿಗೆ ಅಂತ ಇದೆ. ಸಣ್ಣವರಿಗೆ ತೆರಿಗೆ ಬರೋದಿಲ್ಲ. 2024 ಮತ್ತು 2025ರ ವರದಿಗಳಿಗೆ ಈ ಮಿತಿ, ವರ್ಷದ ಒಟ್ಟು ಆದಾಯದ ಲೆಕ್ಕದಲ್ಲಿ, 24 ಲಕ್ಷ 70 ಸಾವಿರ ಡಾಲರ್ ಇತ್ತು. 2024ರಿಂದ ಮಿತಿಯ ಒಳಗಿರುವವರು ‘ತೆರಿಗೆ ಇಲ್ಲ’ ಅನ್ನೋ ವರದಿಯನ್ನೂ ಕೊಡಬೇಕಾಗಿಲ್ಲ. ಇಷ್ಟು ಓದಿ ಜನ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಆದರೆ ಪಬ್ಲಿಕ್ ಇನ್ಫರ್ಮೇಷನ್ ರಿಪೋರ್ಟ್ ಅಂತ ಒಂದು ಪುಟದ ಕಾಗದ ಇದೆ. ಮೇ 15ಕ್ಕೆ ಅದನ್ನು ಕೊಡಲೇಬೇಕು. ಅದಕ್ಕೆ ದುಡ್ಡು ಏನೂ ಇಲ್ಲ. ಕೊಡದೇ ಹೋದರೆ ಅಲ್ಲಿ ವ್ಯವಹಾರ ಮಾಡುವ ಹಕ್ಕೇ ಹೋಗುತ್ತದೆ. ಹಕ್ಕು ಹೋದ ಮೇಲೆ ಕಂಪನಿ ಮಾಡಿದ ಸಾಲಕ್ಕೆ ಅದನ್ನು ನಡೆಸುವವರೇ ಸ್ವಂತ ಜೇಬಿನಿಂದ ಹೊಣೆ ಆಗಬಹುದು. ಕಾಸಿಲ್ಲದ ಒಂದು ಪುಟಕ್ಕೆ ಇಷ್ಟು ದೊಡ್ಡ ಶಿಕ್ಷೆ.

ಈಗ ಕ್ಯಾಲಿಫೋರ್ನಿಯಾ. ನೀವು ಎಲ್ಲಿ ವಾಸ? ಫ್ರೀಮಾಂಟಲ್ಲಿ. ಬಾಡಿಗೆ ಎಷ್ಟು ಅಂತ ನಿರ್ಧಾರ ಮಾಡೋದು ಎಲ್ಲಿ? ಫ್ರೀಮಾಂಟಲ್ಲಿ. ಪ್ಲಂಬರ್‌ಗೆ ಫೋನ್ ಮಾಡೋದು, ಬ್ಯಾಂಕ್ ಖಾತೆ ನೋಡೋದು, ಸಹಿ ಹಾಕೋದು? ಎಲ್ಲ ಫ್ರೀಮಾಂಟಿನ ಅಡುಗೆಮನೆಯ ಟೇಬಲ್ ಮೇಲೆ. ಹಾಗಾದರೆ ಎಫ್‌ಟಿಬಿ ದೃಷ್ಟಿಯಲ್ಲಿ ಆ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ವ್ಯವಹಾರ ಮಾಡುತ್ತಿದೆ. ಲಾಭಕ್ಕಾಗಿ ರಾಜ್ಯದ ಒಳಗೆ ಯಾವುದೇ ವ್ಯವಹಾರದಲ್ಲಿ ಸಕ್ರಿಯವಾಗಿ ತೊಡಗಿದರೂ ಸಾಕು ಅಂತಲೇ ಕಾನೂನು ಇದೆ. ಅಂದರೆ ಇಲ್ಲಿ ನೋಂದಣಿಗೆ 70, ವರ್ಷ ವರ್ಷ 800, ಎರಡು ವರ್ಷಕ್ಕೊಮ್ಮೆ 20. ನೀವು ಇಲ್ಲಿನ ನಿವಾಸಿ ಆದ್ದರಿಂದ ಬಾಡಿಗೆ ಲಾಭಕ್ಕೆ ಇಲ್ಲಿನ ಆದಾಯ ತೆರಿಗೆಯೂ ಇದ್ದೇ ಇದೆ. ನೋಂದಣಿ ಇಲ್ಲದೆ ನಡೆಸಿ, ಎಫ್‌ಟಿಬಿ ಕೇಳಿದ ಮೇಲೂ ರಿಟರ್ನ್ ಕೊಡದಿದ್ದರೆ ಹೊರ ರಾಜ್ಯದ ಎಲ್‌ಎಲ್‌ಸಿಗೆ 2,000 ಡಾಲರ್ ದಂಡ ಬೇರೆ.

ಹಾಗಂತ ಹೊರಗಿನ ಕಂಪನಿಯಲ್ಲಿ ಚೂರುಪಾರು ಪಾಲು ಇದ್ದವರೆಲ್ಲ ಸಿಕ್ಕಿಬೀಳ್ತಾರೆ ಅಂತಲ್ಲ. 2017ರಲ್ಲಿ ಸ್ವಾರ್ಟ್ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಇಲ್ಲಿನ ಮೇಲ್ಮನವಿ ನ್ಯಾಯಾಲಯ ಎಫ್‌ಟಿಬಿ ವಿರುದ್ಧ ತೀರ್ಪು ಕೊಟ್ಟಿತು. ಆ ಕಂಪನಿ ಇದ್ದದ್ದು ಅಯೋವಾದಲ್ಲಿ. ಇಲ್ಲಿನ ಒಂದು ಎಲ್‌ಎಲ್‌ಸಿ ಹೂಡಿಕೆ ನಿಧಿಯಲ್ಲಿ ಅದರ ಪಾಲು ಶೇಕಡಾ 0.2. ಆಡಳಿತದಲ್ಲಿ ಯಾವ ಕೈವಾಡವೂ ಇರಲಿಲ್ಲ. ಸುಮ್ಮನೆ ದುಡ್ಡು ಹಾಕಿ ಕೂತವರು ಇಲ್ಲಿ ವ್ಯವಹಾರ ಮಾಡುತ್ತಿದ್ದಾರೆ ಅನ್ನೋಕಾಗಲ್ಲ ಅಂದರು. ಇಡೀ ಜಗಳ 800 ಡಾಲರಿಗೆ! ನಮ್ಮ ಫ್ರೀಮಾಂಟಿನವರಿಗೆ ಈ ತೀರ್ಪು ಉಪಯೋಗಕ್ಕೆ ಬರೋದಿಲ್ಲ. ಇವರು ಸುಮ್ಮನೆ ಕೂತವರಲ್ಲ, ಪ್ಲಂಬರ್‌ಗೆ ಫೋನ್ ಮಾಡುವವರು.

ಹಾಗಾದರೆ ಏನು ಮಾಡಬೇಕು? ಒಂದೇ ಒಂದು ಬಾಡಿಗೆ ಮನೆ ಇದ್ದರೆ, ಸ್ವಂತ ಹೆಸರಲ್ಲೇ ಇಟ್ಟುಕೊಂಡು ಒಳ್ಳೆಯ ಅಂಬ್ರೆಲಾ ವಿಮೆ (ಮನೆ ವಿಮೆಯ ಮಿತಿ ದಾಟಿದ ಪರಿಹಾರಕ್ಕೂ ಆಗುವ ವಿಮೆ) ಮಾಡಿಸೋದು ಎಷ್ಟೋ ಸಲ ಸಾಕು. ಎಲ್‌ಎಲ್‌ಸಿ ಬೇಕೇ ಬೇಕು ಅಂದರೆ ಟೆಕ್ಸಾಸಲ್ಲೇ ಮಾಡಿಸಿ, ಇಲ್ಲಿ ನೋಂದಾಯಿಸಿ. ಮಧ್ಯದಲ್ಲಿ ವ್ಯೋಮಿಂಗ್ ಬಂದರೆ ಖರ್ಚು ಜಾಸ್ತಿ ಆಗುತ್ತದೆಯೇ ಹೊರತು ಏನೂ ಉಳಿಯೋದಿಲ್ಲ. ವ್ಯೋಮಿಂಗಲ್ಲೇ ಇರುವವರಿಗೆ ವ್ಯೋಮಿಂಗ್ ಬಹಳ ಒಳ್ಳೆಯ ರಾಜ್ಯ.

ಬೇರೆ ರಾಜ್ಯಗಳ ಕಡೆ ಬೇಗ ಒಂದು ಕಣ್ಣು ಹಾಯಿಸ್ತೀನಿ, ನಿಮ್ಮ ಅಣ್ಣ ತಮ್ಮಂದಿರು ಎಲ್ಲೆಲ್ಲೋ ಇರ್ತಾರೆ.

ಎಲ್ಲಕ್ಕಿಂತ ವಿಚಿತ್ರ ನ್ಯೂಯಾರ್ಕ್. ಎಲ್‌ಎಲ್‌ಸಿ ಹುಟ್ಟಿದ 120 ದಿನದ ಒಳಗೆ ಎರಡು ಪತ್ರಿಕೆಗಳಲ್ಲಿ ಆರು ವಾರ ಜಾಹೀರಾತು ಹಾಕಿಸಬೇಕು. ಯಾವ ಪತ್ರಿಕೆ ಅಂತ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಕ್ಲರ್ಕ್ ಹೇಳ್ತಾರೆ. ಒಂದು ದಿನಪತ್ರಿಕೆ, ಒಂದು ವಾರಪತ್ರಿಕೆ. ಆಮೇಲೆ ಪತ್ರಿಕೆಯವರು ಕೊಟ್ಟ ಪ್ರಮಾಣಪತ್ರ ಲಗತ್ತಿಸಿ 50 ಡಾಲರ್ ಕಟ್ಟಿ ಫೈಲ್ ಮಾಡಬೇಕು. ಮ್ಯಾನ್‌ಹಟನ್ನಿನಲ್ಲಿ ಜಾಹೀರಾತಿನ ಖರ್ಚೇ ಸಾವಿರ ಡಾಲರ್ ದಾಟುತ್ತದೆ. ಕಚೇರಿ ವಿಳಾಸ ಯಾವ ಕೌಂಟಿಯದೋ ಅಲ್ಲಿನ ಪತ್ರಿಕೆ ಆದ್ದರಿಂದ, ಬುದ್ಧಿವಂತರು ಆಲ್ಬನಿಯ ಏಜೆಂಟ್ ವಿಳಾಸ ಹಾಕಿಸಿ ತುಂಬಾ ಕಡಿಮೆಯಲ್ಲಿ ಮುಗಿಸ್ತಾರೆ. ಆ ಜಾಹೀರಾತನ್ನು ಓದುವವರು ಯಾರು ಅಂತ ಕೇಳಬೇಡಿ. ಪತ್ರಿಕೆಗಳಿಗೆ ಒಂದು ಆದಾಯ ಆಯಿತು ಅಷ್ಟೇ.

ಫ್ಲೋರಿಡಾದಲ್ಲಿ ಗಡುವು ಬಹಳ ಕಟ್ಟುನಿಟ್ಟು. ವಾರ್ಷಿಕ ವರದಿಗೆ 138 ಡಾಲರ್ 75 ಸೆಂಟ್, ಮೇ 1ರ ಒಳಗೆ. ಒಂದು ದಿನ ತಡವಾದರೂ 400 ಡಾಲರ್ ಜಾಸ್ತಿ. ಸೆಪ್ಟೆಂಬರ್ ತನಕ ಸುಮ್ಮನಿದ್ದರೆ ಆ ತಿಂಗಳ ನಾಲ್ಕನೇ ಶುಕ್ರವಾರ ಕಂಪನಿಯನ್ನೇ ವಿಸರ್ಜನೆ ಮಾಡ್ತಾರೆ. ನ್ಯೂಜೆರ್ಸಿ 75 ಡಾಲರ್, ಹುಟ್ಟಿದ ತಿಂಗಳ ಕೊನೆಗೆ. ಮ್ಯಾಸಚೂಸೆಟ್ಸ್ 500. ಪೆನ್ಸಿಲ್ವೇನಿಯಾದಲ್ಲಿ ಮೊದಲು ಹತ್ತು ವರ್ಷಕ್ಕೊಮ್ಮೆ ಒಂದು ವರದಿ ಇತ್ತು. 2025ರಿಂದ ಪ್ರತಿ ವರ್ಷ, ಎಲ್‌ಎಲ್‌ಸಿಗಳಿಗೆ ಸೆಪ್ಟೆಂಬರ್ 30ರ ಒಳಗೆ, ಬರೀ 7 ಡಾಲರ್. ಪಿಟ್ಸ್‌ಬರ್ಗ್ ಕಡೆ ಯಾರಾದರೂ ಇದ್ದರೆ ತಿಳಿಸಿ, ಹಳೆಯ ಕಂಪನಿಯವರಿಗೆ ಇದು ಗೊತ್ತೇ ಇರೋದಿಲ್ಲ. ಓಹಾಯೋ, ಮಿಸೌರಿ, ನ್ಯೂ ಮೆಕ್ಸಿಕೋ, ಅರಿಜೋನಾಗಳಲ್ಲಿ ಎಲ್‌ಎಲ್‌ಸಿಗೆ ವಾರ್ಷಿಕ ವರದಿಯೇ ಇಲ್ಲ. ಪುಣ್ಯವಂತರು. ಈ ಫೀಸುಗಳು ಆಗಾಗ ಬದಲಾಗ್ತವೆ, ಕಟ್ಟುವ ಮುಂಚೆ ರಾಜ್ಯದ ವೆಬ್‌ಸೈಟ್ ನೋಡಿ.

ಡೆಲವೇರ್ ಬಗ್ಗೆ ಕೇಳೇ ಕೇಳ್ತೀರಿ. ಅಲ್ಲಿ ಎಲ್‌ಎಲ್‌ಸಿಗೆ ವರದಿ ಇಲ್ಲ, 300 ಡಾಲರ್ ತೆರಿಗೆ, ಜೂನ್ 1ಕ್ಕೆ. ತಪ್ಪಿದರೆ 200 ದಂಡ, ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ. ಮೂರು ವರ್ಷ ಕಟ್ಟದಿದ್ದರೆ ಕಂಪನಿ ರದ್ದು. ಕಾರ್ಪೊರೇಷನ್ ಆದರೆ ಮಾರ್ಚ್ 1. ಬೆಂಗಳೂರಿನಿಂದ ಡೆಲವೇರ್ ಕಾರ್ಪೊರೇಷನ್ ಮಾಡಿಸಿದ ಹುಡುಗರು ಮೊದಲ ನೋಟಿಸ್ ನೋಡಿ ನಿದ್ದೆ ಕೆಡಿಸಿಕೊಳ್ಳೋದು ಇಲ್ಲೇ. ಒಂದು ಕೋಟಿ ಷೇರು ಅಂತ ಬರೆಸಿರ್ತಾರೆ. ಷೇರು ಸಂಖ್ಯೆಯ ಲೆಕ್ಕದಲ್ಲಿ ತೆರಿಗೆ 85,165 ಡಾಲರ್ ಅಂತ ಬರುತ್ತದೆ. ಗಾಬರಿ ಬೇಡ. ಆಸ್ತಿಯ ಆಧಾರದ ಇನ್ನೊಂದು ಲೆಕ್ಕದ ವಿಧಾನ ಇದೆ. ಕೈಯಲ್ಲಿ ಏನೂ ಇಲ್ಲದ ಹೊಸ ಕಂಪನಿಗೆ ಅದರಲ್ಲಿ 400 ಡಾಲರಿಗೆ ಇಳಿಯುತ್ತದೆ.

ರಿಜಿಸ್ಟರ್ಡ್ ಏಜೆಂಟ್ ಅಂದೆ. ಇದನ್ನು ಹಗುರವಾಗಿ ತಗೋಬೇಡಿ. ನಿಮ್ಮ ಕಂಪನಿ ಮೇಲೆ ಯಾರಾದರೂ ಕೇಸ್ ಹಾಕಿದರೆ ಸಮನ್ಸ್ ಹೋಗೋದು ಅವರ ವಿಳಾಸಕ್ಕೆ. ನೀವೇ ಏಜೆಂಟ್ ಆಗಿ, ಸನಿವೇಲ್‌ನಿಂದ ಮೌಂಟನ್ ಹೌಸ್‌ಗೆ ಮನೆ ಬದಲಾಯಿಸಿ, ರಾಜ್ಯಕ್ಕೆ ತಿಳಿಸದೆ ಇದ್ದರೆ, ಸಮನ್ಸ್ ಬಂದದ್ದೇ ಗೊತ್ತಾಗೋದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಸಿವಿಲ್ ಕೇಸಿಗೆ 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಎದುರಿನವರು ಏಕಪಕ್ಷೀಯ ತೀರ್ಪು ಕೇಳಬಹುದು. ಮನೆ ಬದಲಾಯಿಸಿದವರು ಡ್ರೈವಿಂಗ್ ಲೈಸೆನ್ಸಿನ ವಿಳಾಸ ಬದಲಾಯಿಸುವ ದಿನವೇ ಇದನ್ನೂ ಮಾಡಿ.

ಇನ್ನು ಸುಳ್ಳು ಕಾಗದಗಳು. ಕಂಪನಿ ಹುಟ್ಟಿದ ಕೆಲವೇ ವಾರದಲ್ಲಿ ಒಂದು ಲಕೋಟೆ ಬರುತ್ತದೆ. ಮೇಲೆ ಮುದ್ರೆಯ ಹಾಗಿರೋ ಚಿತ್ರ, ದಪ್ಪಕ್ಷರದಲ್ಲಿ ಕಂಪನಿಯ ಹೆಸರು, ರಾಜ್ಯ ಕೊಟ್ಟ ಅದೇ ಸಂಖ್ಯೆ, ಬಾರ್‌ಕೋಡ್, ‘ಈ ತಾರೀಕಿನೊಳಗೆ ಉತ್ತರಿಸಿ’ ಅಂತ ಒಂದು ಚೌಕ. 20 ಡಾಲರಿನ ಸ್ಟೇಟ್‌ಮೆಂಟಿಗೆ ನೂರಕ್ಕೂ ಮೇಲೆ ಕೇಳಿರ್ತಾರೆ. ಇಲ್ಲವೇ ನಿಮಗೆ ಬೇಡವೇ ಬೇಡದ ಸರ್ಟಿಫಿಕೇಟ್, ಗೋಡೆಗೆ ಅಂಟಿಸುವ ಕಾರ್ಮಿಕ ಕಾನೂನಿನ ಪೋಸ್ಟರ್. ಕೆಳಗೆ, ಕನ್ನಡಕ ಹಾಕಿಕೊಂಡು ಹುಡುಕಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ‘ಇದು ಸರ್ಕಾರಿ ಸಂಸ್ಥೆ ಅಲ್ಲ’ ಅಂತ ಇರುತ್ತದೆ. ನಿಮ್ಮ ವಿಳಾಸ ಎಲ್ಲಿಂದ ಸಿಕ್ಕಿತು ಅಂತೀರಾ? ಆಗ ಹೇಳಿದೆನಲ್ಲ, ಅದೇ ಸಾರ್ವಜನಿಕ ದಾಖಲೆಯಿಂದ. ಯಾವ ಕಾಗದ ಬಂದರೂ ಅದರಲ್ಲಿರುವ ಲಿಂಕಿಗೆ ಹೋಗಬೇಡಿ. ನೇರವಾಗಿ ರಾಜ್ಯದ ವೆಬ್‌ಸೈಟಿಗೆ ಹೋಗಿ ನಿಮ್ಮ ಕಂಪನಿಯ ಹೆಸರು ಹುಡುಕಿ. ಏನಾದರೂ ಬಾಕಿ ಇದ್ದರೆ ಅಲ್ಲೇ ಕಾಣುತ್ತದೆ.

ಹಿಂದಿನ ಸಾಲಿನಿಂದ ಇನ್ನೊಬ್ಬರು: ‘ಬಿಓಐ ಅಂತ ಏನೋ ಕೊಡಬೇಕಿತ್ತಲ್ಲ, ಅದು ಇದೆಯಾ, ಹೋಯಿತಾ?’

ಅದು ರಾಜ್ಯದ್ದಲ್ಲ, ಅಮೆರಿಕದ ಕೇಂದ್ರ ಸರ್ಕಾರದ್ದು. ಕಂಪನಿಯ ನಿಜವಾದ ಮಾಲೀಕರು ಯಾರು ಅಂತ ಹಣಕಾಸು ಅಪರಾಧಗಳ ಮೇಲೆ ಕಣ್ಣಿಡುವ ಫಿನ್‌ಸೆನ್ ಅನ್ನೋ ಕಚೇರಿಗೆ ತಿಳಿಸಬೇಕು ಅಂತ 2024ರ ಜನವರಿ 1ರಿಂದ ಶುರುವಾಯಿತು. ಒಂದು ವರ್ಷ ಕೋರ್ಟುಗಳಲ್ಲಿ ಇದೆ, ಇಲ್ಲ, ಇದೆ, ಇಲ್ಲ ಅಂತ ನಡೀತು. 2025ರ ಮಾರ್ಚಿನಲ್ಲಿ ನಿಯಮ ಬದಲಾಯಿಸಿ, ಅಮೆರಿಕದಲ್ಲೇ ಹುಟ್ಟಿದ ಕಂಪನಿಗಳನ್ನು ಕೈಬಿಟ್ಟರು. ಉಳಿದದ್ದು ಹೊರದೇಶದ ಕಂಪನಿಗಳು. ಬೆಂಗಳೂರಿನ ಪ್ರೈವೇಟ್ ಲಿಮಿಟೆಡ್ ಕಂಪನಿ ನೇರವಾಗಿ ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸಿಕೊಂಡರೆ ಅದು ಈ ನಿಯಮದೊಳಗೆ ಬರುತ್ತದೆ. ಕೊಡೋಕೆ 30 ದಿನ.

ಊರಿನಲ್ಲಿ ಕೂತು ಇಲ್ಲಿ ಎಲ್‌ಎಲ್‌ಸಿ ಮಾಡಿಸಿರುವ ತಮ್ಮಂದಿರಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಇದ್ದುಕೊಂಡು, ಆನ್‌ಲೈನಲ್ಲಿ ಡಾಲರ್ ತಗೊಳ್ಳೋಕೆ ಸುಲಭ ಅಂತ ಒಬ್ಬರೇ ಮಾಲೀಕರಾಗಿ ವ್ಯೋಮಿಂಗ್ ಎಲ್‌ಎಲ್‌ಸಿ ಮಾಡಿಸ್ತಾರೆ. ಇಲ್ಲಿ ತೆರಿಗೆ ಬರದಿದ್ದರೂ ವಿದೇಶಿ ಮಾಲೀಕರ ಜೊತೆಗಿನ ವ್ಯವಹಾರ ತಿಳಿಸುವ ಫಾರಂ 5472ನ್ನು, ಹೆಚ್ಚುಕಡಿಮೆ ಖಾಲಿಯಾದ ಒಂದು ಫಾರಂ 1120ರ (ಕಾರ್ಪೊರೇಷನ್ ರಿಟರ್ನ್) ಜೊತೆ ಐಆರ್‌ಎಸ್‌ಗೆ ಕಳಿಸಬೇಕು. ಮಾಲೀಕ ತನ್ನ ಜೇಬಿನಿಂದ ಕಂಪನಿ ಖಾತೆಗೆ ದುಡ್ಡು ಹಾಕಿದರೂ ಅದು ಬರೆಯಬೇಕಾದ ವ್ಯವಹಾರವೇ. ಕಳಿಸದಿದ್ದರೆ ದಂಡ 25,000 ಡಾಲರ್. ಸೊನ್ನೆ ಜಾಸ್ತಿ ಹೇಳಿಲ್ಲ, ಇಪ್ಪತ್ತೈದು ಸಾವಿರ. ಊರಿನ ಐಟಿ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎ ಕೂಡ ತುಂಬಬೇಕು. ಇವತ್ತು ಮನೆಗೆ ಹೋಗಿ ಅವರಿಗೊಂದು ಫೋನ್ ಮಾಡಿ.

ಎಲ್‌ಎಲ್‌ಸಿ ಒಂದರಿಂದಲೇ ಎಲ್ಲ ಅನುಮತಿ ಸಿಕ್ಕ ಹಾಗಲ್ಲ ಅನ್ನೋದನ್ನೂ ಸೇರಿಸ್ತೀನಿ. ಮನೆಯಲ್ಲಿ ಹೋಳಿಗೆ ಮಾಡಿ ಮಾರೋಕೆ ಕೌಂಟಿಯ ಆರೋಗ್ಯ ವಿಭಾಗದ ಅನುಮತಿ ಬೇರೆ, ನಗರದ ಬಿಸಿನೆಸ್ ಲೈಸೆನ್ಸ್ ಬೇರೆ. ಕಂಪನಿಯ ಹೆಸರು ಬಿಟ್ಟು ಇನ್ನೊಂದು ಹೆಸರಲ್ಲಿ ಅಂಗಡಿ ನಡೆಸಿದರೆ ಅದನ್ನು ಕೌಂಟಿಯಲ್ಲಿ ನೋಂದಾಯಿಸಿ ನಾಲ್ಕು ವಾರ ಪತ್ರಿಕೆಯಲ್ಲಿ ಹಾಕಿಸಬೇಕು, ಐದು ವರ್ಷಕ್ಕೊಮ್ಮೆ ಮತ್ತೆ ನೋಂದಾಯಿಸಬೇಕು. ಡಾಕ್ಟರು, ಸಿಪಿಎ (ಲೈಸೆನ್ಸ್ ಪಡೆದ ಲೆಕ್ಕಪರಿಶೋಧಕರು), ಆರ್ಕಿಟೆಕ್ಟ್ ಮುಂತಾದ ಲೈಸೆನ್ಸ್ ಇರುವ ವೃತ್ತಿಗಳನ್ನು ಕ್ಯಾಲಿಫೋರ್ನಿಯಾದಲ್ಲಿ ಎಲ್‌ಎಲ್‌ಸಿ ಮೂಲಕ ಮಾಡೋ ಹಾಗೇ ಇಲ್ಲ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಕಂಪನಿಯ ಮಾಲೀಕರಾಗೋದು ಒಂದು, ಅದರಲ್ಲಿ ಕೆಲಸ ಮಾಡೋದು ಇನ್ನೊಂದು. ಇಮಿಗ್ರೇಷನ್ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಕೊನೆಯ ಪ್ರಶ್ನೆ ಒಬ್ಬ ಅಕ್ಕನವರದು: ‘ನಮ್ಮದು ವ್ಯಾಪಾರ ನಿಂತು ಎರಡು ವರ್ಷ ಆಯ್ತು. ಏನೂ ನಡೀತಿಲ್ಲ. ಹಾಗೇ ಬಿಟ್ಟಿದ್ದೀವಿ. ತೊಂದರೆ ಇಲ್ಲ ಅಲ್ವಾ?’

ಇದೆ. ವ್ಯಾಪಾರ ನಿಂತರೂ ಕಂಪನಿ ನಿಂತಿಲ್ಲ. ಪ್ರತಿ ವರ್ಷ 800 ಏರ್ತಾ ಇದೆ, ಅದರ ಮೇಲೆ ದಂಡ, ಬಡ್ಡಿ. ಮುಚ್ಚೋದಕ್ಕೂ ಕಾಗದ ಕೊಡಬೇಕು. ಎಫ್‌ಟಿಬಿಗೆ ಕೊನೆಯ ರಿಟರ್ನ್ ಕೊಟ್ಟು, ಅದರ ಮೇಲೆ ‘ಫೈನಲ್’ ಅಂತ ಗುರುತು ಹಾಕಿ. ಆ ದಿನದಿಂದ 12 ತಿಂಗಳ ಒಳಗೆ ಸೆಕ್ರೆಟರಿ ಆಫ್ ಸ್ಟೇಟ್‌ಗೆ ರದ್ದತಿಯ ಅರ್ಜಿ. ಎಲ್ಲ ಸದಸ್ಯರೂ ಒಪ್ಪಿದ್ದರೆ ಎಲ್‌ಎಲ್‌ಸಿ-4/7 ಅನ್ನೋ ಒಂದೇ ಫಾರಂ ಸಾಕು, ಅದಕ್ಕೆ ಫೀಸು ಇಲ್ಲ. ಕಂಪನಿ ಹುಟ್ಟಿ ಇನ್ನೂ ಒಂದು ವರ್ಷ ಆಗಿಲ್ಲ, ವ್ಯಾಪಾರವನ್ನೇ ಮಾಡಿಲ್ಲ ಅನ್ನುವವರಿಗೆ ಇನ್ನೂ ಚಿಕ್ಕದಾದ 4/8 ಇದೆ. ಬೇರೆ ರಾಜ್ಯಗಳಲ್ಲಿ ನೋಂದಾಯಿಸಿದ್ದರೆ ಅಲ್ಲೂ ಬೇರೆ ಬೇರೆ ರದ್ದು ಮಾಡಿಸಬೇಕು. ಟೆಕ್ಸಾಸಲ್ಲಿ ಅದಕ್ಕೆ ಮೊದಲು ರಾಜ್ಯದ ತೆರಿಗೆ ನೋಡಿಕೊಳ್ಳುವ ಕಂಪ್ಟ್ರೋಲರ್ ಕಚೇರಿಯಿಂದ ತೆರಿಗೆ ಬಾಕಿ ಇಲ್ಲ ಅನ್ನೋ ಪತ್ರ ತರಬೇಕು. ನಗರದ ಲೈಸೆನ್ಸ್, ಸರಕು ಮಾರೋಕೆ ತಗೊಂಡ ಸೆಲ್ಲರ್ಸ್ ಪರ್ಮಿಟ್ ಇದ್ದರೆ ಅವನ್ನೂ ಮುಚ್ಚಿಸಿ. ಬ್ಯಾಂಕ್ ಖಾತೆ ಮಾತ್ರ ಎಲ್ಲಕ್ಕಿಂತ ಕೊನೆಗೆ. ಜಾಸ್ತಿ ಕಟ್ಟಿದ್ದು ವಾಪಸ್ ಬಂದರೆ ಚೆಕ್ ಕಂಪನಿಯ ಹೆಸರಲ್ಲೇ ಬರುತ್ತದೆ, ಖಾತೆ ಇಲ್ಲದಿದ್ದರೆ ಅದನ್ನು ಹಾಕೋಕೆ ಜಾಗ ಇರೋದಿಲ್ಲ.